ಮಡ್‌ಗಾರ್ಡ್ ಕಳಚಿದ ಫೋರ್ಡ್

1932ರ ಫೋರ್ಡ್ ರೋಡ್‌ಸ್ಟರ್‌ನ ನಾಲ್ಕೂ ಮಡ್‌ಗಾರ್ಡು, ಎರಡೂ ಫುಟ್‌ಬೋರ್ಡು ಬಿಚ್ಚಿಟ್ಟರೆ ಅದು ಅರೆಬರೆ ಕಾರಾಗಿ ಕಾಣಬೇಕಿತ್ತು. ಕಾಣುವುದಿಲ್ಲ. ಆ ವರ್ಷದ ಚಾಸಿಯ ಎರಡು ಉದ್ದ ತೊಲೆಗಳ ಹೊರಮೈ ಮೇಲೆ ಒಂದು ಒತ್ತುಗೆರೆ ಹರಿದಿದೆ. ಬಾಡಿ ಅದರ ಮೇಲೆ ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತದೆ. ಅದಕ್ಕಿಂತ ಹಿಂದಿನ ಮಾಡೆಲ್ ಎ ಕಾರಿಗೆ ಈ ಭಾಗ್ಯವಿಲ್ಲ. ಅದರ ಪಕ್ಕದ ತಗಡಿನ ಮರೆ ತೆಗೆದರೆ ಬೋಳು ಚಾನೆಲ್ ಕಬ್ಬಿಣ ಎದುರಾಗುತ್ತದೆ. ಕ್ಯಾಲಿಫೋರ್ನಿಯಾದ ಹುಡುಗರು ಎಷ್ಟೋ ಸಲ ಮಾಡೆಲ್ ಎ ಬಾಡಿಯನ್ನು ಎತ್ತಿ ತಂದು 32ರ ಚಾಸಿಯ ಮೇಲೆ ಕೂರಿಸಿದ್ದು ಸುಮ್ಮನೆ ಅಲ್ಲ. 500 ಡಾಲರಿಗೂ ಕಡಿಮೆ ಬೆಲೆಗೆ ಮಾರಾಟವಾದ ಒಂದು ಸಾದಾ ಕಾರಿನೊಳಗೆ ಇಂಥ ರೂಪ ಅಡಗಿದೆ ಎಂದು ಮೊದಲು ಕಂಡುಕೊಂಡವರು ಕೈಯಲ್ಲಿ ಸ್ಪ್ಯಾನರ್ ಹಿಡಿದಿದ್ದ ಈ ಹುಡುಗರೇ.

ಹಳೆಯ ಕಾರನ್ನು ಮನೆಯ ಗ್ಯಾರೇಜಿನಲ್ಲೇ ಕಳಚಿ, ಹಗುರ ಮಾಡಿ, ಬಲವಾದ ಎಂಜಿನ್ ಕೂರಿಸಿ ಕಟ್ಟುವ ಹಾಟ್ ರಾಡ್ ಅಮೆರಿಕದ ಸಾಮಾನ್ಯ ಜನ ತಾವೇ ಬೆಳೆಸಿದ ಕಲೆ ಎನ್ನುವವರ ಜೊತೆ ನನಗೆ ತಕರಾರಿಲ್ಲ. ತಕರಾರಿರುವುದು ಅದಕ್ಕೆ ಬೆಲೆ ಕಟ್ಟುವ ರೀತಿಯ ಬಗ್ಗೆ. ಪ್ರದರ್ಶನಕ್ಕೆ ಬಂದವರು ಬಣ್ಣ, ಕ್ರೋಮು ನೋಡುತ್ತಾರೆ. ಬೀದಿಯಲ್ಲಿ ನಿಂತವರು ಸದ್ದು ಕೇಳುತ್ತಾರೆ. ಪತ್ರಿಕೆಗಳು ಹಾರ್ಸ್‌ಪವರ್ ಎಣಿಸುತ್ತವೆ. ಮನೆಯಲ್ಲಿ ಕಟ್ಟಿದ ಕಾರಿನ ಯೋಗ್ಯತೆ ಗೊತ್ತಾಗುವುದು ಅದರ ಅಡಿಗೆ ನುಸುಳಿ ಬ್ರೇಕು, ಸ್ಟಿಯರಿಂಗು, ಚಾಸಿ ನೋಡಿದಾಗ. ಉಳಿದದ್ದೆಲ್ಲ ಆಮೇಲೆ.

ಹಾಟ್ ರಾಡ್ ಕಟ್ಟುವ ಅಭ್ಯಾಸ ಬಲಿತದ್ದು ಲಾಸ್ ಏಂಜಲೀಸಿನಿಂದ ಉತ್ತರಕ್ಕೆ, ಮೊಹಾವೆ ಮರುಭೂಮಿಯ ಒಣಕೆರೆಗಳ ಮೇಲೆ. ಮ್ಯೂರಾಕ್‌ನಂಥ ಕಡೆ ಮೈಲಿಗಟ್ಟಲೆ ಚಪ್ಪಟೆಯಾದ ಗಟ್ಟಿ ನೆಲ. ಅಲ್ಲಿ ಹುಡುಗರು ತಮ್ಮ ಕಾರುಗಳನ್ನು ಓಡಿಸಿ ಗಡಿಯಾರ ಹಿಡಿಯುತ್ತಿದ್ದರು. 1937ರಲ್ಲಿ ಇಂಥ ಹುಡುಗರ ಕೆಲವು ಕ್ಲಬ್ಬುಗಳು ಸೇರಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿಕೊಂಡವು. ಮಡ್‌ಗಾರ್ಡ್ ಕಳಚಿದ್ದು, ಗಾಜು ಕೆಳಗಿಳಿಸಿದ್ದು, ಹಿಂದೆ ದೊಡ್ಡ ಟೈರು ಮುಂದೆ ಚಿಕ್ಕ ಟೈರು ಹಾಕಿದ್ದು ಎಲ್ಲಕ್ಕೂ ಅಲ್ಲಿ ಕಾರಣವಿತ್ತು: ತೂಕ, ಗಾಳಿಯ ತಡೆ, ಗೇರಿನ ಲೆಕ್ಕ. ಎರಡನೇ ಮಹಾಯುದ್ಧ ಮುಗಿದು ಮರಳಿದವರ ಕೈಯಲ್ಲಿ ವೆಲ್ಡಿಂಗ್ ಇತ್ತು, ಲೇತ್ ಗೊತ್ತಿತ್ತು. ಬಿಲ್ ಬರ್ಕ್ ಎಂಬಾತ ಯುದ್ಧವಿಮಾನದ ಹೊಟ್ಟೆಗೆ ಕಟ್ಟುವ ಪೆಟ್ರೋಲ್ ಟ್ಯಾಂಕನ್ನು ಗುಜರಿಯಿಂದ ತಂದು ಅದನ್ನೇ ಕಾರಿನ ಬಾಡಿ ಮಾಡಿದ. 1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ ‘ಹಾಟ್ ರಾಡ್’ ಪತ್ರಿಕೆ ಹೊರತಂದರು, ಮರುವರ್ಷ ಯೂಟಾದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ಸ್ಪೀಡ್ ವೀಕ್ ಶುರುವಾಯಿತು, 1951ರಲ್ಲಿ ವಾಲಿ ಪಾರ್ಕ್ಸ್ ರಾಷ್ಟ್ರಮಟ್ಟದ ಹಾಟ್ ರಾಡ್ ಸಂಘ ಸ್ಥಾಪಿಸಿದರು. ಪೊಲೀಸರ ಕಣ್ಣಿನಲ್ಲಿ ಪುಂಡಾಟವಾಗಿದ್ದದ್ದು ಹೀಗೆ ಕ್ರೀಡೆಯಾಯಿತು.

ಈಗ ಕೆಲಸಕ್ಕೆ ಬರೋಣ. 1932ರ ಫೋರ್ಡಿನ ದೊಡ್ಡ ಸುದ್ದಿ ಅದರ ವಿ8 ಎಂಜಿನ್: 221 ಘನ ಇಂಚು, ಅಂದರೆ ಸುಮಾರು 3.6 ಲೀಟರ್, 65 ಹಾರ್ಸ್‌ಪವರ್. ಮಾಡೆಲ್ ಎ ಕೊಡುತ್ತಿದ್ದದ್ದು 40. ಶಕ್ತಿ ಏರಿತು, ಬ್ರೇಕು ಮಾತ್ರ ಕಂಬಿ ಎಳೆದು ಹಿಡಿಯುವ ಹಳೆಯ ಬಗೆಯದೇ ಉಳಿಯಿತು. ಹೈಡ್ರಾಲಿಕ್ ಬ್ರೇಕು ಫೋರ್ಡ್ ಕಾರಿಗೆ ಬಂದದ್ದು 1939ರ ಮಾಡೆಲ್ಲಿನಲ್ಲಿ. ಬುದ್ಧಿವಂತರು ಗುಜರಿಗೆ ಹೋಗಿ 39–40ರ ಡ್ರಮ್ಮುಗಳನ್ನು ತಂದು ತಮ್ಮ 32ಕ್ಕೆ ಜೋಡಿಸಿದರು. ಹಾಟ್ ರಾಡ್ ಇತಿಹಾಸದ ಅತ್ಯಂತ ವಿವೇಕದ ಬದಲಾವಣೆ ಇದು ಎನ್ನಬಹುದು. ಆದರೂ ಇದರ ಬಗ್ಗೆ ಹಾಡು ಕಟ್ಟಿದವರಿಲ್ಲ.

ಜೋಡಿಸಿದ ಮಾತ್ರಕ್ಕೆ ಮುಗಿಯುವುದಿಲ್ಲ. ಇಂಥ ಕಾರಿನಲ್ಲಿ ಮಾಸ್ಟರ್ ಸಿಲಿಂಡರ್ ಕೂರುವುದು ಕಾಲಡಿಯ ಹಲಗೆಯ ಕೆಳಗೆ, ಚಕ್ರದ ಸಿಲಿಂಡರುಗಳಿಗಿಂತ ತಗ್ಗಿನಲ್ಲಿ. ಕಾರು ನಿಂತಲ್ಲೇ ಎಣ್ಣೆ ಹಿಂದಕ್ಕೆ ಇಳಿಯುತ್ತದೆ. ಮರುದಿನ ಮೊದಲ ಸಲ ತುಳಿದಾಗ ಪೆಡಲ್ ನೆಲ ಮುಟ್ಟುತ್ತದೆ. ಪೈಪಿನಲ್ಲಿ ಅಲ್ಪ ಒತ್ತಡ ಉಳಿಸುವ ಪುಟ್ಟ ವಾಲ್ವೊಂದು ಬೇಕು. ಡ್ರಮ್ಮಿಗೆ ಒಂದು ಅಳತೆ, ಡಿಸ್ಕಿಗೆ ಇನ್ನೊಂದು. ಹೊರಗೆ ಯಾರಿಗೂ ಕಾಣದ ಈ ವಾಲ್ವು ಇದೆಯೋ ಇಲ್ಲವೋ ಎಂಬುದರಲ್ಲೇ ಕಟ್ಟಿದವನ ಮನಸ್ಸು ತಿಳಿಯುತ್ತದೆ.

ಸ್ಟಿಯರಿಂಗಿನದೂ ಅದೇ ಕಥೆ. ಮುಂದಿನ ಆಕ್ಸಲ್ ಹಿಡಿಯುವ ಸಲಾಕೆ ಹಳ್ಳದಲ್ಲಿ ಒಂದು ಕಮಾನಿನಲ್ಲಿ ಏರಿಳಿಯುತ್ತದೆ, ಸ್ಟಿಯರಿಂಗಿನ ಉದ್ದ ಕಂಬಿ ಇನ್ನೊಂದು ಕಮಾನಿನಲ್ಲಿ. ಎರಡೂ ಹೊಂದದಿದ್ದರೆ ಚಾಲಕ ತಿರುಗಿಸದೆಯೇ ಚಕ್ರ ತಿರುಗುತ್ತದೆ. ಕಾರನ್ನು ನೆಲಕ್ಕೆ ತಗ್ಗಿಸುವ ಆಸೆಯಲ್ಲಿ ಈ ಎರಡು ಕಮಾನುಗಳ ಲೆಕ್ಕ ಮರೆತವರು ಬಹಳ. ನಿಂತಾಗ ಕಣ್ಣು ತುಂಬುವ ಕಾರು ಉಬ್ಬಿನ ಮೇಲೆ ಎಗರಿ ಪಕ್ಕದ ಸಾಲಿಗೆ ನುಗ್ಗಿದರೆ ಅದನ್ನು ಯಾವ ಬಾಯಿಯಿಂದ ಸುಂದರ ಎನ್ನುವುದು?

ಚಾಸಿಯ ತೊಲೆಗಳು ಒಳಮಗ್ಗುಲಲ್ಲಿ ತೆರೆದಿರುವ ಚಾನೆಲ್ಲುಗಳು. ಬಲವಾದ ಎಂಜಿನ್ ಅವುಗಳನ್ನು ತಿರುಚದಿರಲಿ ಎಂದು ಆ ತೆರೆದ ಬದಿಗೆ ಉಕ್ಕಿನ ಪಟ್ಟಿ ಬೆಸೆದು ಪೆಟ್ಟಿಗೆ ಮಾಡುತ್ತಾರೆ. ಉದ್ದಕ್ಕೂ ಒಂದೇ ಉಸಿರಿಗೆ ವೆಲ್ಡ್ ಎಳೆದರೆ ಕಾವಿಗೆ ತೊಲೆ ಬಾಗುತ್ತದೆ. ಬಿಗಿಯಾಗಿ ಕಟ್ಟಿಹಾಕಿ, ಆ ಕಡೆ ಒಂದಿಷ್ಟು ಈ ಕಡೆ ಒಂದಿಷ್ಟು ಬೆಸೆಯುತ್ತ, ನಡುನಡುವೆ ಮೂಲೆಯಿಂದ ಮೂಲೆಗೆ ಟೇಪು ಹಿಡಿಯಬೇಕು. ಮನೆಯಲ್ಲಿ ಕೆಲಸ ಮಾಡುವವನಿಗೆ ಇಲ್ಲೊಂದು ಅನುಕೂಲವಿದೆ. ಗಿರಾಕಿಯ ಅವಸರವಿಲ್ಲ, ಲೋಹ ತಾನಾಗಿ ತಣಿಯುವವರೆಗೆ ಕಾಯಬಹುದು. ಕಾಯದವನ ಕೆಲಸ ಪುಟ್ಟಿಯ ಕೆಳಗೆ ಅಡಗಿರುತ್ತದೆ.

ಕೂಪೆಯ ಮಾಡು ಕತ್ತರಿಸುವ ಚಾಪ್ ಎಂಬ ಕೆಲಸಕ್ಕೆ ಹೆಸರು ಹೆಚ್ಚು, ಕೆಡುವ ಅವಕಾಶವೂ ಹೆಚ್ಚು. ಕಂಬಗಳಿಂದ ಒಂದಷ್ಟು ಇಂಚು ತೆಗೆದು ಮಾಡನ್ನು ಮತ್ತೆ ಕೂರಿಸಬೇಕು. ಕಂಬಗಳು ಓರೆಯಾಗಿರುವುದರಿಂದ ತುಂಡು ತೆಗೆದ ಮೇಲೆ ಮೇಲಿನ ತುದಿ ಕೆಳಗಿನ ತುದಿಗೆ ಸೇರುವುದಿಲ್ಲ. ಕಂಬ ಬಗ್ಗಿಸಬೇಕು ಇಲ್ಲವೇ ಮಾಡನ್ನು ಹಿಗ್ಗಿಸಬೇಕು. ಹಳೆಯ ಫೋರ್ಡುಗಳ ಗಾಜು ಚಪ್ಪಟೆ, ಹಾಗಾಗಿ ಯಾವ ಗಾಜಿನ ಅಂಗಡಿಯಲ್ಲಾದರೂ ಕೊಯ್ಯಿಸಬಹುದು. ಆಮೇಲಿನ ಬಾಗಿದ ಗಾಜಿನ ಕಾರುಗಳಲ್ಲಿ ಈ ಸುಲಭವಿಲ್ಲ. ಒಣಕೆರೆಯಲ್ಲಿ ಗಾಳಿಯ ತಡೆ ತಗ್ಗಿಸಲು ಕತ್ತರಿಸುತ್ತಿದ್ದರು. ಇವತ್ತು ಕಣ್ಣಿಗಾಗಿ ಕತ್ತರಿಸುತ್ತಾರೆ. ಮೂರಿಂಚಿನಲ್ಲಿ ನಿಲ್ಲಬೇಕಾದದ್ದು ಆರಿಂಚಿಗೆ ಹೋಗಿ ಕಿಟಕಿ ಸೀಳುಗಂಡಿಯಾಗುತ್ತದೆ. ‘ಅಮೆರಿಕನ್ ಗ್ರಾಫಿಟಿ’ ಸಿನಿಮಾದ ಹಳದಿ 32 ಕೂಪೆ 1973ರ ನಂತರ ಎಷ್ಟು ಗ್ಯಾರೇಜುಗಳಲ್ಲಿ ಗರಗಸ ಎತ್ತಿಸಿತೋ.

ಎಂಜಿನ್ ವಿಷಯದಲ್ಲಿ ನಾನು ಸಂಪ್ರದಾಯದವರ ಪಕ್ಷ ಸೇರಲಾರೆ. ಫ್ಲಾಟ್‌ಹೆಡ್ ಎಂದು ಕರೆಯುವ ಫೋರ್ಡಿನ ಆ ಹಳೆಯ ವಿ8 ನೋಡಲು ಸೊಗಸು, ಎಡಲ್‌ಬ್ರಾಕ್ ಕಂಪನಿಯ ಅಲ್ಯೂಮಿನಿಯಂ ಹೆಡ್ಡು ಹಾಕಿದರಂತೂ ಬಾನೆಟ್ ಮುಚ್ಚಲು ಮನಸ್ಸಾಗುವುದಿಲ್ಲ. ಆದರೆ ಅದರಲ್ಲಿ ಸುಟ್ಟ ಹೊಗೆ ಹೊರಬೀಳುವ ದಾರಿ ಬ್ಲಾಕಿನ ಒಳಗಿಂದಲೇ ಹೋಗುತ್ತದೆ. ಪ್ರತಿ ಬದಿಯಲ್ಲಿ ನಡುವಿನ ಎರಡು ಸಿಲಿಂಡರುಗಳಿಗೆ ಒಂದೇ ಬಾಯಿ. ಆ ಕಾವೆಲ್ಲ ನೀರಿಗೆ ಇಳಿಯುತ್ತದೆ, ಬೇಸಿಗೆಯ ಟ್ರಾಫಿಕ್ಕಿನಲ್ಲಿ ರೇಡಿಯೇಟರ್ ಕುದಿಯುತ್ತದೆ. 1955ರಲ್ಲಿ ಶೆವ್ರೊಲೆ 265 ಘನ ಇಂಚಿನ ಹಗುರ ವಿ8 ತಂದಿತು. ಅಗ್ಗ, ಗಟ್ಟಿ, ಎಲ್ಲಿ ಬೇಕಾದರೂ ಕೂರುತ್ತದೆ. ಫೋರ್ಡಿನೊಳಗೆ ಶೆವ್ರೊಲೆ ಎಂಜಿನ್ ಎಂದರೆ ಕುಲಗೆಟ್ಟಿತು ಎಂದು ಮೂಗು ಮುರಿಯುವವರಿದ್ದಾರೆ. ಕೈಗೆ ಸಿಕ್ಕ ಒಳ್ಳೆಯದನ್ನು ತಂದು ಕೂರಿಸುವುದೇ ಈ ಕಲೆಯ ಹುಟ್ಟುಗುಣವಾಗಿರುವಾಗ ಕುಲದ ಮಾತು ಎಲ್ಲಿಂದ ಬಂತು?

ಕೆಟ್ಟದ್ದು ಬೇರೆಡೆಯಿಂದ ಬಂತು. 1950ರಲ್ಲಿ ಓಕ್‌ಲ್ಯಾಂಡಿನಲ್ಲಿ ‘ಅಮೆರಿಕದ ಅತಿ ಸುಂದರ ರೋಡ್‌ಸ್ಟರ್’ ಪ್ರಶಸ್ತಿ ಮೊದಲ ಸಲ ಪಡೆದದ್ದು ಬಿಲ್ ನೀಕ್ಯಾಂಪ್ ಕಟ್ಟಿದ 1929ರ ಫೋರ್ಡು. ಅದೇ ಕಾರು ಒಣಕೆರೆಯಲ್ಲೂ ಓಡಿತು. ಅಂದು ಸುಂದರ ಕಾರೂ ಓಡುವ ಕಾರೂ ಒಂದೇ ಆಗಿದ್ದವು. ಬಹುಮಾನ ದೊಡ್ಡದಾದ ಹಾಗೆ ಎರಡೂ ಬೇರಾದವು. ಕಾರು ಕಟ್ಟುವ ಬಾಯ್ಡ್ ಕೋಡಿಂಗ್ಟನ್ ಎಂಬಾತನ ಶಾಲೆಯ ಕಾರುಗಳಲ್ಲಿ ಅಲ್ಯೂಮಿನಿಯಂ ಗಟ್ಟಿಯಿಂದ ಕಡೆದು ತೆಗೆದ ಚಕ್ರ, ಒಂದು ಬೋಲ್ಟು ಕೂಡ ಕಾಣದ ನುಣುಪು. ಕೈಚಳಕಕ್ಕೆ ಕೈ ಮುಗಿಯುತ್ತೇನೆ. ಆದರೆ ಜೋಡಣೆಯ ಗುರುತೆಲ್ಲ ಅಳಿಸಿದ ಮೇಲೆ ಅಲ್ಲಿ ಯಾವ ಹಳೆಯ ಕಾರೂ ಉಳಿಯುವುದಿಲ್ಲ, ಚೆಕ್ಕು ಬರೆದವರ ಸಹಿ ಉಳಿಯುತ್ತದೆ. ಇದಕ್ಕೆ ಸಿಟ್ಟಾಗಿ ಹುಟ್ಟಿದ ರ‍್ಯಾಟ್ ರಾಡ್ ಪಂಥ ತುಕ್ಕನ್ನೇ ಬಣ್ಣವಾಗಿಸಿತು. ಮೊದಮೊದಲು ಅದರಲ್ಲಿ ಚೇಷ್ಟೆಯಿತ್ತು, ಬಡವನ ಹಮ್ಮಿತ್ತು. ಈಗ ಉಪ್ಪುನೀರು ಚಿಮುಕಿಸಿ ತುಕ್ಕು ಬೆಳೆಸಿ, ಅದರ ಮೇಲೆ ಪಾರದರ್ಶಕ ವಾರ್ನಿಷು ಹೊಡೆಯುತ್ತಾರೆ. ಅದು ಕ್ರೋಮಿಗಿಂತ ಹೆಚ್ಚಿನ ಢೋಂಗಿ. ಒರಟು ಬೆಸುಗೆಯನ್ನು ಶೈಲಿ ಎಂದು ಕರೆಯುವ ಧೈರ್ಯಕ್ಕಂತೂ ಮದ್ದಿಲ್ಲ.

ಇನ್ನು ಕಚ್ಚಾ ಸಾಮಗ್ರಿಯ ಪ್ರಶ್ನೆ. ಮಾಡೆಲ್ ಎ ಹೊರಬಂದದ್ದು ಐವತ್ತು ಲಕ್ಷದ ಹತ್ತಿರ; ಬೀದಿಬೀದಿಯಲ್ಲಿ ಬಿದ್ದಿದ್ದ ಕಾಲದಲ್ಲಿ ಅದನ್ನು ಕತ್ತರಿಸಿದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಕಾರ್ಖಾನೆಯಿಂದ ಬಂದ ಹಾಗೇ ಉಳಿದ 32 ಇವತ್ತು ಸಿಕ್ಕರೆ ಅದಕ್ಕೆ ಗರಗಸ ಹಚ್ಚುವುದು ನನ್ನ ದೃಷ್ಟಿಯಲ್ಲಿ ತಪ್ಪು. ಓಹಾಯೋದ ಬ್ರೂಕ್‌ವಿಲ್ ಕಂಪನಿ ಅದೇ ಅಚ್ಚಿನ ಹೊಸ ಉಕ್ಕಿನ ಬಾಡಿ ಒತ್ತಿ ಮಾರುತ್ತದೆ. ಅದನ್ನು ಕೊಂಡವರನ್ನು ಹಳಿಯುವುದಕ್ಕಿಂತ ಹೊಗಳಬೇಕು. ನಮ್ಮ ದೇಶದಲ್ಲಂತೂ ಕಾನೂನೇ ಅಡ್ಡ ನಿಂತಿದೆ. ತಯಾರಕರು ಕೊಟ್ಟ ಮೂಲ ವಿವರ ಮೀರಿ ವಾಹನ ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2021ರಲ್ಲಿ ಬಂದ ವಿಂಟೇಜ್ ನಿಯಮ ಐವತ್ತು ವರ್ಷ ದಾಟಿದ ಕಾರುಗಳಿಗೆ ಪ್ರತ್ಯೇಕ ನೋಂದಣಿ ಕೊಡುತ್ತದೆ, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕೆಂಬ ಷರತ್ತಿನ ಮೇಲೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿರುವಂಥ ಕಾರುಗಳನ್ನು ನೋಡಿದವರಿಗೆ ಆ ಷರತ್ತು ಅತಿಯೆನಿಸಲಾರದು. ನಮ್ಮಲ್ಲಿ ಉಳಿದಿರುವುದೇ ಅಷ್ಟಿಷ್ಟು.

ಈ ಇಡೀ ಪರಂಪರೆಯಲ್ಲಿ ಒಂದೇ ಕಾರು ಆರಿಸು ಎಂದರೆ ನಾನು ಡೋನ್ ಸ್ಪೆನ್ಸರ್ ಎಂಬಾತ ಕಟ್ಟಿದ ಕಪ್ಪು 32 ರೋಡ್‌ಸ್ಟರ್ ಕಡೆ ಬೆರಳು ಮಾಡುತ್ತೇನೆ. ಮುಂದಿನ ಗಾಜು ಎರಡು ಭಾಗವಾಗಿ ನಡುವೆ ಚೂಪಾಗಿ ಹಿಂದಕ್ಕೆ ಓರೆಯಾಗಿದೆ. ಅದೊಂದು ಅಲಂಕಾರ, ಮಿಕ್ಕದ್ದೆಲ್ಲ ಕೆಲಸ. ಮೆಕ್ಸಿಕೋದ ಉದ್ದಕ್ಕೂ ಓಡುತ್ತಿದ್ದ ಕ್ಯಾರೆರಾ ಪ್ಯಾನಮೆರಿಕಾನಾ ರೇಸಿಗೆಂದು ಸ್ಪೆನ್ಸರ್ ಅದನ್ನು ಸಜ್ಜು ಮಾಡತೊಡಗಿದ. ಎಲ್ಲರೂ ಕಾರು ತಗ್ಗಿಸುತ್ತಿದ್ದಾಗ ಈತ ಕಲ್ಲುರಸ್ತೆ ನೆನೆದು ನೆಲದಿಂದ ಅಂತರ ಹೆಚ್ಚಿಸಿದ, ಸೈಲೆನ್ಸರ್ ಪೈಪು ಕೆಳಗೆ ಜೋತುಬೀಳದಂತೆ ಚಾಸಿಯ ಮೂಲಕವೇ ಹಾಯಿಸಿದ. 1954ರ ನಂತರ ಆ ರೇಸು ನಿಂತುಹೋಯಿತು, ಕಾರು ಅಲ್ಲಿ ಓಡಲೇ ಇಲ್ಲ. 1997ರಲ್ಲಿ ಪೆಬಲ್ ಬೀಚಿನ ಹಳೆಯ ಕಾರುಗಳ ಶ್ರೀಮಂತ ಮೇಳ ಮೊದಲ ಸಲ ಹಾಟ್ ರಾಡ್‌ಗಳಿಗೆ ಬಾಗಿಲು ತೆರೆದಾಗ ಗೆದ್ದದ್ದು ಇದೇ ಕಾರು. ಅದಕ್ಕೆ ಮೊದಲು ಸೊ-ಕ್ಯಾಲ್ ಸ್ಪೀಡ್ ಶಾಪ್‌ನವರು ಅದನ್ನು ಬಿಚ್ಚಿ ಹೊಸದು ಮಾಡಿದ್ದರು. ಪೈಪಿನ ದಾರಿ, ನಿಲುವು ಹಾಗೇ ಉಳಿಸಿದ್ದಾರೆ, ಅದು ಅವರ ದೊಡ್ಡ ಗುಣ. ಕಪ್ಪು ಬಣ್ಣದ ಹೊಳಪು ಮಾತ್ರ ಒಂದು ಕೈ ಹೆಚ್ಚಾಯಿತು.