ತೇಲುವ ಪೆನ್ನು
ವಿಜ್ಞಾನ ಕಥೆಯ ಹುಚ್ಚಿನವರು ಮೊದಲು ನೋಡಬೇಕಾದ ಸಿನಿಮಾ ಸ್ಟಾನ್ಲಿ ಕುಬ್ರಿಕ್‌ನ ‘2001: ಎ ಸ್ಪೇಸ್ ಒಡಿಸ್ಸಿ’. ತೆರೆಕಂಡಿದ್ದು 1968ರಲ್ಲಿ, ಮನುಷ್ಯ ಇನ್ನೂ ಚಂದ್ರನ ಮೇಲೆ ಕಾಲಿಟ್ಟಿರಲಿಲ್ಲ.

ಅದರ ಒಂದು ದೃಶ್ಯದಲ್ಲಿ ಬಾಹ್ಯಾಕಾಶ ನೌಕೆಯೊಳಗೆ ನಿದ್ದೆಹೋದ ಪ್ರಯಾಣಿಕನ ಪೆನ್ನು ಗಾಳಿಯಲ್ಲಿ ತೇಲುತ್ತದೆ; ಅಲ್ಲಿ ಕಂಪ್ಯೂಟರ್ ಕೈವಾಡವಿಲ್ಲ. ದೊಡ್ಡ ಗಾಜಿಗೆ ಪೆನ್ನು ಅಂಟಿಸಿ, ಗಾಜನ್ನೇ ಮೆಲ್ಲಗೆ ತಿರುಗಿಸಿದ್ದಾರೆ. ಗಗನಸಖಿ ಅದನ್ನು ಹಿಡಿಯುವಾಗ ಕಣ್ಣಿಟ್ಟು ನೋಡಿದರೆ, ಅಂಟಿನಿಂದ ಬಿಡಿಸುವ ಸಣ್ಣ ಜಗ್ಗು ಕಾಣುತ್ತದೆ.

ಇನ್ನು ಸದ್ದು. ಗಗನಯಾತ್ರಿ ನೌಕೆಯಿಂದ ಹೊರಬಂದಾಗ ಕೇಳಿಸುವುದು ಅವನ ಉಸಿರಾಟ, ಆಮ್ಲಜನಕದ ಸುಂಯ್ ಸದ್ದು, ಅಷ್ಟೇ. ಗಾಳಿಯೇ ಇಲ್ಲದ ಕಡೆ ಢಮಾರ್ ಎನ್ನಿಸುವ ಚಿತ್ರಗಳು ಇವತ್ತಿಗೂ ಬರುತ್ತಿವೆ!

ನಿಧಾನ ಜಾಸ್ತಿ, ನಿಜ. ಅವಸರದವರು 2013ರ ‘ಗ್ರಾವಿಟಿ’ಯಿಂದ ಶುರುಮಾಡಬಹುದು.