ಖಾಲಿ ದೋಣಿ ಎಂದರೆ ಒಂಟಿತನವೇ?

ಹಾಸ್ಟೆಲಿನಲ್ಲಿ ಎರಡು ವರ್ಷ ನನ್ನ ಮಂಚದ ಎದುರು ಗೋಡೆಗೆ ಅಂಟಿಸಿಕೊಂಡಿದ್ದ ಚಿತ್ರವದು. ಮರಳಿನ ಮೇಲೆ ಎಳೆದಿಟ್ಟ ನಾಲ್ಕು ದೋಣಿಗಳು, ಒಂದರ ಮೇಲೊಂದು ಹಾಯ್ದ ಕೂವೆಮರಗಳು, ಆಚೆ ಕಡಲಲ್ಲಿ ಹಾಯಿ ಬಿಚ್ಚಿ ಹೊರಟ ಇನ್ನು ಕೆಲವು. ದಡದಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಬರೆದವನು ವ್ಯಾನ್ ಗೋ ಎಂದು ತಿಳಿದದ್ದೇ ತಡ, ನನ್ನ ಓದು ಮುಗಿದಿತ್ತು. ಕಿವಿ ಕೊಯ್ದುಕೊಂಡ ಕಲಾವಿದ, ಬಿಟ್ಟುಹೋದ ದೋಣಿಗಳು, ಒಂಟಿತನವಲ್ಲದೆ ಇನ್ನೇನು? ತರಗತಿಯ ಸೆಮಿನಾರಿನಲ್ಲಿ ಅದನ್ನೇ ಓದಿದೆ. ಚಪ್ಪಾಳೆಯೂ ಬಿತ್ತು. ಈಗ ನೆನೆದರೆ ಮುಜುಗರ.

ಚಿತ್ರ 1888ರ ಜೂನ್ ಹೊತ್ತಿನದು. ಕಿವಿಯ ಪ್ರಸಂಗ ನಡೆದದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಇನ್ನೂ ನಡೆಯದ ದುಃಖವನ್ನು ನಾನು ದೋಣಿಗಳಿಗೆ ತುಂಬಿಸಿದ್ದೆ!

ಆಮೇಲೆ ಅವನ ಪತ್ರಗಳನ್ನು ಓದಿದೆ. ಮೆಡಿಟರೇನಿಯನ್ ದಡದ ಸ್ಯಾಂತ್ ಮರಿ ಎಂಬ ಮೀನುಗಾರರ ಊರಿಗೆ ಕೆಲವು ದಿನದ ಮಟ್ಟಿಗೆ ಹೋಗಿದ್ದ. ಈ ದೋಣಿಗಳನ್ನು ಬೆಳಗ್ಗೆ ಬೆಳಗ್ಗೆ ನೋಡುತ್ತಿದ್ದನಾದರೂ ಅವು ತೀರ ಬೇಗ ಕಡಲಿಗಿಳಿಯುತ್ತಿದ್ದರಿಂದ ಬರೆಯಲು ಬಿಡುವು ಸಿಗುತ್ತಿರಲಿಲ್ಲ. ಊರು ಬಿಡುವ ದಿನ ನಸುಕಿನಲ್ಲಿ, ಅವು ಹೊರಡುವ ಮೊದಲು, ರೇಖಾಚಿತ್ರ ಮಾಡಿಕೊಂಡ. ಆರ್ಲ್‌ಗೆ ಮರಳಿ ಅದರಿಂದ ತೈಲಚಿತ್ರ ಬರೆದ. ಅಂದರೆ ಇವು ಯಾರೋ ತೊರೆದ ದೋಣಿಗಳಲ್ಲ, ಇನ್ನೇನು ಕೆಲಸಕ್ಕೆ ಹೊರಡಲಿರುವವು. ಚಿತ್ರದಲ್ಲಿ ಅವಸರವಿದೆ, ಅದನ್ನು ನಾನು ವಿಷಾದ ಎಂದುಕೊಂಡಿದ್ದೆ.

ಬಣ್ಣವನ್ನಾದರೂ ಸರಿಯಾಗಿ ನೋಡಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಕೆಂಪು, ಹಸಿರು, ನೀಲಿ, ಪ್ರತಿ ಹಲಗೆಗೂ ಗಟ್ಟಿ ಅಂಚು. ಅವನು ಹುಚ್ಚು ಹಿಡಿದಂತೆ ಪ್ರೀತಿಸುತ್ತಿದ್ದ ಜಪಾನಿ ಮುದ್ರಣಚಿತ್ರಗಳ ಗುಣ. ಈ ಪುಟ್ಟ ದೋಣಿಗಳು ಹೂಗಳನ್ನು ನೆನಪಿಸುತ್ತವೆಂದು ಗೆಳೆಯ ಎಮಿಲ್ ಬೆರ್ನಾರ್‌ಗೆ ಬರೆದಿದ್ದಾನೆ. ಹೂವೆಂದವನ ಮುಂದೆ ನಾನು ಸೂತಕ ಕೂತಿದ್ದೆ.

ಆದರೂ ಒಂದು ಎಳೆ ಬಿಡುವುದಿಲ್ಲ. ಒಂದು ದೋಣಿಯ ಮೈಮೇಲೆ 'ಅಮಿತಿಯೇ' ಎಂಬ ಹೆಸರಿದೆ, ಫ್ರೆಂಚಿನಲ್ಲಿ ಸ್ನೇಹ. ಅಕ್ಟೋಬರಿನಲ್ಲಿ ಗೋಗ್ಯಾಂ ಬಂದು, ಎರಡು ತಿಂಗಳಲ್ಲಿ ಆ ಸ್ನೇಹ ಮುರಿದ ಕತೆ ಗೊತ್ತಿರುವ ನಮಗೆ ಇಲ್ಲಿ ಶಕುನ ಕಾಣುವ ಆಸೆ. ಹೆಸರಿಟ್ಟವನು ಯಾವನೋ ಮೀನುಗಾರ, ನಿಜ. ಆದರೆ ಅಕ್ಷರಗಳನ್ನು ಓದಲು ಬರುವಂತೆ ಉಳಿಸಿಕೊಂಡದ್ದು ಕುಂಚ.

ಮುಂದೆ ಮರಳಿನ ಮೇಲೊಂದು ಪೆಟ್ಟಿಗೆ. ಸಹಿ ಅದರ ಮೇಲಿದೆ: ವಿನ್ಸೆಂಟ್. ಅದನ್ನು ದೋಣಿಗೆ ಏರಿಸಿಕೊಳ್ಳುತ್ತಾರೋ, ದಡದಲ್ಲೇ ಬಿಟ್ಟು ಹೋಗುತ್ತಾರೋ, ಚಿತ್ರ ಹೇಳುವುದಿಲ್ಲ.