ಪರಿಸರ ಭೂರಸಾಯನ ಮತ್ತು ಮಾನವನ ಆರೋಗ್ಯ: ತಜ್ಞೋಪನ್ಯಾಸಗಳನ್ನು ಕುರಿತು ಕೆಲವು ವಿಚಾರಗಳು

ಗ್ರಂಥಗಳನ್ನೂ ಪ್ರಬಂಧಗಳನ್ನೂ ವಿಮರ್ಶಿಸುವುದು ಈ ಸಂಚಿಕೆಯಲ್ಲಿ ನಡೆದುಬಂದಿರುವ ಪದ್ಧತಿ. ಉಪನ್ಯಾಸಗಳನ್ನು ವಿಮರ್ಶಿಸುವ ರೂಢಿ ನಮ್ಮಲ್ಲಿಲ್ಲ. ಆಡಿದ ಮಾತು ಆಡಿದ ಸಭೆಯಲ್ಲಿಯೇ ಮುಗಿದುಹೋಗುತ್ತಿದ್ದುದರಿಂದ ಅದರ ಅಗತ್ಯವೂ ಅಷ್ಟಾಗಿ ತೋರಿರಲಿಲ್ಲ. 2020ರಲ್ಲಿ ಕೋವಿಡ್ ವ್ಯಾಧಿಯ ನಿಮಿತ್ತ ತರಗತಿಗಳು ಮುಚ್ಚಿದ ಮೇಲೆ ಈ ಸ್ಥಿತಿ ಬದಲಾಯಿತು. ದೂರದೇಶದ ತಜ್ಞರು ತಮ್ಮ ಮನೆಯಲ್ಲಿಯೇ ಕುಳಿತು ಅಂತರ್ಜಾಲದ ಮೂಲಕ ಉಪನ್ಯಾಸ ಮಾಡುವುದೂ, ಆ ಉಪನ್ಯಾಸವು ಮುದ್ರಿತವಾಗಿ ಉಳಿಯುವುದೂ, ಬೇಕೆಂದವರು ಬೇಕೆಂದಾಗ ಅದನ್ನು ತೆರೆದು ಕೇಳುವುದೂ ಸಾಮಾನ್ಯವಾಯಿತು. ನಮ್ಮ ವಿದ್ಯಾರ್ಥಿಗಳು ತಮ್ಮ ಬರವಣಿಗೆಯಲ್ಲಿ ಪಠ್ಯಗ್ರಂಥಕ್ಕೆ ಬದಲಾಗಿ ಇಂಥ ಉಪನ್ಯಾಸಗಳನ್ನೇ ಆಧಾರವಾಗಿ ಕೊಡುತ್ತಿರುವುದನ್ನು ನಾವು ಕಾಣುತ್ತಿದ್ದೇವೆ. ಆದಕಾರಣ ಈ ಪ್ರಕಾರದ ಗುಣದೋಷಗಳನ್ನು ಪರಿಶೀಲಿಸುವುದು ಅನುಚಿತವಾಗಲಾರದೆಂದು ನಂಬಿದ್ದೇವೆ. ಯಾವ ಉಪನ್ಯಾಸಕರನ್ನೂ ಹೆಸರಿಸುವುದು ನಮ್ಮ ಉದ್ದೇಶವಲ್ಲ. ಹಲವರಲ್ಲಿ ಸಮಾನವಾಗಿ ಕಂಡುಬಂದುದನ್ನು ಮಾತ್ರ ಇಲ್ಲಿ ಎತ್ತಿಕೊಂಡಿದ್ದೇವೆ.

ಮೊದಲು ಗುಣವನ್ನು ಹೇಳುವುದು ನ್ಯಾಯ. ಬಂಗಾಳದ ಆರ್ಸೆನಿಕ್ ನೀರನ್ನೂ ಚೀನದ ಸೆಲೆನಿಯಂ ಕೊರತೆಯ ಮಣ್ಣನ್ನೂ ಸ್ವತಃ ಅಳೆದವರ ಬಾಯಿಂದಲೇ ಕೇಳುವ ಅವಕಾಶ ನಮ್ಮ ಕಾಲದ ವಿದ್ಯಾರ್ಥಿಗಳಿಗೆ ಇರಲಿಲ್ಲ. ಪ್ರಬಂಧದಲ್ಲಿ ಬರೆಯಲು ಸಂಕೋಚಪಡುವ ಎಷ್ಟೋ ಸಂಗತಿಗಳು, ಉದಾಹರಣೆಗೆ ಸೀಸೆಯನ್ನು ಸರಿಯಾಗಿ ತೊಳೆಯದೆ ಒಂದು ಋತುವಿನ ಶ್ರಮವೆಲ್ಲ ವ್ಯರ್ಥವಾದ ಕಥೆ, ಮಾತಿನಲ್ಲಿ ಸಹಜವಾಗಿ ಹೊರಬರುತ್ತವೆ. ಇವು ಅಮೂಲ್ಯವಾದ ಪಾಠಗಳು.

ದೋಷವಿರುವುದು ಉಪನ್ಯಾಸದ ಕಟ್ಟಡದಲ್ಲಿ. ನಾವು ಕೇಳಿದ ಬಹುಪಾಲು ಉಪನ್ಯಾಸಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ. ಮೊದಲು ಶಿಲೆ, ಅನಂತರ ಬಣ್ಣಬಣ್ಣದ ನಕಾಶೆ, ತರುವಾಯ ಕಾಲು ಸೊಟ್ಟಗಾದ ಒಂದು ಮಗುವಿನ ಚಿತ್ರ, ಕಡೆಗೆ ಪರಿಹಾರೋಪಾಯಗಳು. ಶಿಲೆಯಿಂದ ನಕಾಶೆಗೆ ಬರಲು ಉಪನ್ಯಾಸಕರು ಅರ್ಧ ಗಂಟೆಯನ್ನು ತೆಗೆದುಕೊಳ್ಳುತ್ತಾರೆ. ನಕಾಶೆಯಿಂದ ಮಗುವಿಗೆ ಬರಲು ಒಂದು ಕ್ಷಣ ಸಾಕಾಗುತ್ತದೆ. ನಮ್ಮ ಆಕ್ಷೇಪಣೆಯೆಲ್ಲ ಈ ಒಂದು ಕ್ಷಣವನ್ನು ಕುರಿತದ್ದು. ನೆಲದ ಕೆಳಗಿನ ನೀರು ಮನುಷ್ಯನ ಎಲುಬನ್ನು ಮುಟ್ಟುವುದಕ್ಕೆ ಮುನ್ನ ಅವನ ಕೊಡ, ಮಡಕೆ, ಊಟ, ದುಡಿಮೆ, ವಯಸ್ಸು ಇವುಗಳನ್ನೆಲ್ಲ ಹಾಯ್ದುಬರಬೇಕು. ಈ ಹಾದಿಯನ್ನು ಬಿಟ್ಟರೆ ಉಳಿಯುವುದು ಭೂರಸಾಯನವೊಂದೇ. ಆರೋಗ್ಯವೆಂಬುದು ಶೀರ್ಷಿಕೆಯಲ್ಲಿ ಮಾತ್ರ ನಿಲ್ಲುತ್ತದೆ.

ನಮಗೆ ಸಮೀಪವಾದ ಫ್ಲೋರೈಡಿನ ವಿಷಯವನ್ನೇ ನೋಡಬಹುದು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಈ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಧಿಕವಾಗಿರುವುದು ಎಲ್ಲರಿಗೂ ತಿಳಿದ ಸಂಗತಿ. ಕಾರಣವೇನೆಂದರೆ ‘ಗ್ರಾನೈಟ್ ಶಿಲೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಗ್ರಾನೈಟಿನಲ್ಲಿ ಫ್ಲೋರೈಟ್, ಅಪಟೈಟ್, ಬಯೊಟೈಟ್ ಎಂಬ ಕರಿಯ ಕಾಗೆಬಂಗಾರ ಮೊದಲಾದ ಫ್ಲೋರೀನ್‌ಯುಕ್ತ ಖನಿಜಗಳಿರುವುದು ನಿಜ. ಆದರೆ ಅದೇ ಗ್ರಾನೈಟಿನ ಮೇಲೆ ಕುಳಿತ ಎರಡು ಊರುಗಳಲ್ಲಿ ಒಂದರ ನೀರು ಕುಡಿಯಲು ಯೋಗ್ಯವಾಗಿದ್ದು, ಇನ್ನೊಂದರದು ಅಯೋಗ್ಯವಾಗಿರುವುದು ಏಕೆ? ಶಿಲೆಯಲ್ಲಿ ಫ್ಲೋರೀನ್ ಇರುವುದು ಬೇರೆ, ಅದು ನೀರಿನಲ್ಲಿ ಉಳಿಯುವುದು ಬೇರೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಫ್ಲೋರೈಡ್ ಅದರೊಡನೆ ಕೂಡಿ ಫ್ಲೋರೈಟಾಗಿ ಕೆಳಗಿಳಿಯುತ್ತದೆ; ಒಂದು ಮಿತಿಯನ್ನು ಮೀರಿ ಏರಲಾರದು. ಒಣಸೀಮೆಯಲ್ಲಿ ನೀರು ಆವಿಯಾದಂತೆಲ್ಲ ಕ್ಯಾಲ್ಸಿಯಂ ಮಣ್ಣಿನಲ್ಲಿ ಸುಣ್ಣದ ಗಂಟುಗಳಾಗಿ ಕಟ್ಟಿಕೊಳ್ಳುತ್ತದೆ, ನೀರಿನಲ್ಲಿ ಸೋಡಿಯಂ ಮತ್ತು ಬೈಕಾರ್ಬೊನೇಟುಗಳು ಮೇಲುಗೈಯಾಗುತ್ತವೆ, ಕ್ಷಾರತೆ ಹೆಚ್ಚುತ್ತದೆ. ಆಗ ಫ್ಲೋರೈಡನ್ನು ತಡೆಯುವವರಿಲ್ಲ. ಅದರ ಮೇಲೆ, ನೀರು ಬಂಡೆಯ ಬಿರುಕಿನಲ್ಲಿ ಎಷ್ಟು ಕಾಲ ನಿಂತಿತ್ತೆಂಬುದೂ ಲೆಕ್ಕಕ್ಕೆ ಬರಬೇಕು. ಆದಕಾರಣ ಶಿಲೆಯ ಹೆಸರನ್ನು ಹೇಳಿ ಮುಂದೆ ಹೋಗುವ ಉಪನ್ಯಾಸವು ಭೂರಸಾಯನದ ದೃಷ್ಟಿಯಿಂದಲೇ ಅಪೂರ್ಣವೆನ್ನಬೇಕು. ಈ ಭಾಗವನ್ನು ಸೊಗಸಾಗಿ ವಿವರಿಸಿದ ಇಬ್ಬರು ಮೂವರು ಉಪನ್ಯಾಸಕರನ್ನು ನಾವು ಕೇಳಿದ್ದೇವೆ ಎಂಬುದನ್ನೂ ಇಲ್ಲಿಯೇ ಹೇಳಬೇಕು.

ಆ ಇಬ್ಬರು ಮೂವರೂ ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ನಕಾಶೆಯಲ್ಲಿ ಲೀಟರಿಗೆ 1.5 ಮಿಲಿಗ್ರಾಮಿಗೆ ಮೀರಿದ ಪ್ರದೇಶಕ್ಕೆಲ್ಲ ಕೆಂಪು ಬಳಿದಿರುತ್ತದೆ, ಕೆಳಗಿನದಕ್ಕೆ ಹಸಿರು. ಕೇಳುವವನಿಗೆ 1.5 ಎಂಬುದು ಪ್ರಕೃತಿಯೇ ಎಳೆದ ಗೆರೆಯೆಂಬ ಭ್ರಾಂತಿ ಹುಟ್ಟುತ್ತದೆ. ಅದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಕ ಮೌಲ್ಯ. ದೇಶದೇಶದ ಹವೆಯನ್ನೂ, ಜನರು ಕುಡಿಯುವ ನೀರಿನ ಪ್ರಮಾಣವನ್ನೂ, ಇತರ ಮೂಲಗಳಿಂದ ಸೇರುವ ಫ್ಲೋರೈಡನ್ನೂ ನೋಡಿ ಮಿತಿಯನ್ನು ಗೊತ್ತುಮಾಡಬೇಕೆಂದು ಆ ಸಂಸ್ಥೆಯೇ ಹೇಳಿದೆ. ಭಾರತೀಯ ಮಾನಕವು 2012ರ ಪರಿಷ್ಕರಣದಲ್ಲಿ 1.0 ಮಿಲಿಗ್ರಾಮನ್ನು ಸ್ವೀಕಾರಾರ್ಹವೆಂದೂ, ಬೇರೆ ನೀರು ದೊರೆಯದಿದ್ದಲ್ಲಿ 1.5ರವರೆಗೆ ಆಗಬಹುದೆಂದೂ ಎರಡು ಅಂಕಿಗಳನ್ನು ಕೊಟ್ಟಿದೆ. ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆಯು ಹಲ್ಲಿನ ರಕ್ಷಣೆಗಾಗಿ ನೀರಿಗೆ ಫ್ಲೋರೈಡ್ ಸೇರಿಸುವಾಗ 1962ರಲ್ಲಿ ನಿಗದಿಮಾಡಿದ ಪ್ರಮಾಣವಂತೂ ಒಂದೇ ಅಂಕಿಯಾಗಿರಲಿಲ್ಲ. ಊರಿನ ಗರಿಷ್ಠ ಉಷ್ಣತೆಯ ಸರಾಸರಿಯನ್ನು ನೋಡಿ, ತಣ್ಣನೆಯ ಊರಿಗೆ 1.2ರಿಂದ ಬಿಸಿಯೂರಿಗೆ 0.7ರವರೆಗೆ ಅದು ಇಳಿಯುತ್ತಿತ್ತು. ಬಿಸಿಲಿನಲ್ಲಿರುವವನು ಹೆಚ್ಚು ನೀರು ಕುಡಿಯುತ್ತಾನೆಂಬ ಸರಳವಾದ ತಿಳಿವಳಿಕೆಯೇ ಅದರ ಆಧಾರ. (2015ರಲ್ಲಿ ಇದನ್ನು ಬಿಟ್ಟು ಎಲ್ಲೆಡೆಗೂ 0.7 ಎಂದು ಮಾಡಿದರು. ಅದು ಬೇರೆ ಚರ್ಚೆ.)

ಈ ತಿಳಿವಳಿಕೆಯನ್ನು ನಮ್ಮ ಬಯಲುಸೀಮೆಗೆ ತಂದು ನೋಡಿದರೆ ಏನಾಗುತ್ತದೆ? ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇರುವ ಒಂದೇ ಬಾವಿಯಿಂದ, ನೆರಳಿನಲ್ಲಿ ಕುಳಿತು ಬರೆಯುವ ಗುಮಾಸ್ತ ದಿನಕ್ಕೆ 2 ಲೀಟರು ಕುಡಿದರೆ 6 ಮಿಲಿಗ್ರಾಂ ಸೇವಿಸಿದಂತಾಯಿತು. ಚೈತ್ರದ ಬಿಸಿಲಿನಲ್ಲಿ ಕೂಲಿಮಾಡುವ ಹೆಂಗಸು 5 ಲೀಟರು ಕುಡಿದರೆ 15 ಮಿಲಿಗ್ರಾಂ. ನಕಾಶೆಯಲ್ಲಿ ಇಬ್ಬರದೂ ಒಂದೇ ಕೆಂಪು. ಇದಲ್ಲದೆ ಮುದ್ದೆಗೆ ಇಟ್ಟ ಎಸರು ಮುದ್ದೆಯಲ್ಲಿಯೇ ಉಳಿಯುತ್ತದೆ. ಬಸಿದ ಅನ್ನದ ಗಂಜಿಯನ್ನು ಚೆಲ್ಲಿದರೆ ಒಂದು ಲೆಕ್ಕ, ಕುಡಿದರೆ ಇನ್ನೊಂದು. ಚಹದ ಎಲೆಯಲ್ಲಿ ಸ್ವಭಾವತಃ ಫ್ಲೋರೈಡ್ ಉಂಟು. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಾಗಿದ್ದು, ಅದು ಹೊಟ್ಟೆಯಲ್ಲಿ ಫ್ಲೋರೈಡಿನೊಡನೆ ಕೂಡಿ ಹೀರಿಕೆಯನ್ನು ತಗ್ಗಿಸುವ ಗುಣವುಳ್ಳದ್ದು. ರಾಗಿಯುಂಡು ಬೆಳೆದ ಮಗುವೂ ಪಡಿತರದ ಅಕ್ಕಿಯುಂಡು ಬೆಳೆದ ಮಗುವೂ ಒಂದೇ ಕೊಳವೆಬಾವಿಯ ನೀರಿಗೆ ಒಂದೇ ಬಗೆಯಾಗಿ ಪ್ರತಿಕ್ರಿಯಿಸಬೇಕಾಗಿಲ್ಲ. ಇಂಥ ಪ್ರಶ್ನೆಗಳನ್ನು ಎತ್ತದೆ ಮಗುವಿನ ಚಿತ್ರವನ್ನು ತೋರಿಸುವುದು ಕರುಣೆಯನ್ನು ಹುಟ್ಟಿಸೀತೇ ಹೊರತು ಜ್ಞಾನವನ್ನಲ್ಲ.

ಇದು ನಾವು ಹೊಸದಾಗಿ ಹೇಳುತ್ತಿರುವ ಮಾತೇನೂ ಅಲ್ಲ. ಭಾರತದಲ್ಲಿ ಫ್ಲೋರೋಸಿಸ್ ವ್ಯಾಧಿಯನ್ನು ಷಾರ್ಟ್ ಮತ್ತು ಅವರ ಸಹೋದ್ಯೋಗಿಗಳು 1937ರಲ್ಲಿ ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ ವರದಿ ಮಾಡಿದರು. ಅವರು ಹೊರಟದ್ದು ಬಂಡೆಯಿಂದಲ್ಲ, ಬೆನ್ನು ಬಗ್ಗಿಸಲಾರದ ರೋಗಿಗಳಿಂದ. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಹಾರ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ ಅವರು ಫ್ಲೋರೋಸಿಸ್ ನೆಲೆಸಿದ್ದ ಊರುಗಳಲ್ಲಿ ಎಳೆಯರ ಮೊಣಕಾಲುಗಳು ಒಳಬಾಗಿ ಒಂದಕ್ಕೊಂದು ತಾಗುವ ವಿಕೃತಿಯನ್ನು ಗುರುತಿಸಿದರು. ಫ್ಲೋರೈಡ್ ಹಿಂದಿನಿಂದಲೂ ಇದ್ದ ನೆಲದಲ್ಲಿ ಈ ಹೊಸ ರೂಪ ಏಕೆ ಕಾಣಿಸಿಕೊಂಡಿತೆಂಬುದು ಅವರ ಪ್ರಶ್ನೆ. ಆ ಸಂಸ್ಥೆಯವರು ಮುಂದೆ ಅಲ್ಲಿಯ ಜೋಳವನ್ನು ಪರೀಕ್ಷಿಸಿ, ಅದರಲ್ಲಿ ಮೊಲಿಬ್ಡಿನಂ ಅಧಿಕವಾಗಿದ್ದುದನ್ನು ಕಂಡು, ಅದರಿಂದ ದೇಹದಲ್ಲಿ ತಾಮ್ರದ ಕೊರತೆಯುಂಟಾಗಿರಬಹುದೆಂದೂ, ನಾಗಾರ್ಜುನಸಾಗರದ ನೀರು ಒಸರಿ ಅಂತರ್ಜಲ ಮೇಲೇರಿದುದಕ್ಕೂ ಇದಕ್ಕೂ ಸಂಬಂಧವಿರಬಹುದೆಂದೂ ಸೂಚಿಸಿದರು. ಈ ಸೂಚನೆಯ ಎಲ್ಲ ಕೊಂಡಿಗಳನ್ನೂ ಒಪ್ಪಬೇಕೆಂದು ನಾವು ಹೇಳುತ್ತಿಲ್ಲ. ಅಣೆಕಟ್ಟು, ಮಣ್ಣು, ಜೋಳ, ರೊಟ್ಟಿ, ಎಲುಬು ಎಂಬ ಪೂರ್ಣ ಹಾದಿಯನ್ನು ನಡೆದು ನೋಡುವ ಧೈರ್ಯ ಅಲ್ಲಿದೆ. ಐವತ್ತು ವರ್ಷ ಕಳೆದ ಮೇಲೆ, ಇಷ್ಟೆಲ್ಲ ಉಪಕರಣಗಳಿರುವಾಗ, ಉಪನ್ಯಾಸಗಳಲ್ಲಿ ಆ ಹಾದಿ ಮೊಟಕಾಗಿರುವುದು ನಮಗೆ ವಿಚಿತ್ರವಾಗಿ ಕಾಣುತ್ತದೆ.

ಹಾದಿಯನ್ನು ನಡೆದು ನೋಡದವರು ಇಲ್ಲದ ಹಾದಿಯನ್ನೂ ಕಲ್ಪಿಸಿಕೊಳ್ಳುವ ಅಪಾಯವುಂಟು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಕೀಲುವ್ಯಾಧಿಯನ್ನು ಗದ್ದೆಗೆ ಹೊಡೆದ ಕೀಟನಾಶಕವೂ, ಅಲ್ಲಿ ಹಿಡಿದು ತಿಂದ ಏಡಿಯೂ ಉಂಟುಮಾಡಿದುವೆಂದು ಬಹುಕಾಲ ಜನರು ನಂಬಿದ್ದರು. ಮನೆತನಗಳ ವಂಶಾವಳಿಯನ್ನು ಬಿಡಿಸಿ ನೋಡಿದ ವೈದ್ಯ ಸಂಶೋಧಕರು ಅದು ಆನುವಂಶಿಕವೆಂದು ನಿರ್ಧರಿಸಿದರು. ಅಲ್ಲಿಯೂ ಒಂದು ನಕಾಶೆಯನ್ನು ಬರೆದು, ಊರಿನ ನೀರನ್ನೋ ಮಣ್ಣನ್ನೋ ಅದರ ಮೇಲೆ ಹೊದಿಸಿದ್ದರೆ ಏನಾದರೊಂದು ಧಾತು ಹೊಂದಿಕೊಳ್ಳದೆ ಇರುತ್ತಿರಲಿಲ್ಲ.

ಇನ್ನು ತಜ್ಞನ ಹೊಣೆಯ ವಿಚಾರ. ಆರ್ಸೆನಿಕ್ ಕುರಿತ ಉಪನ್ಯಾಸಗಳೆಲ್ಲವೂ ಬಂಗಾಳದ ಕೊಳವೆಬಾವಿಗಳಿಂದ ಆರಂಭವಾಗುತ್ತವೆ. ಕೆರೆಕುಂಟೆಗಳ ಕೊಳಕು ನೀರಿನಿಂದ ಬರುವ ವಾಂತಿಭೇದಿಯನ್ನು ತಪ್ಪಿಸಲೆಂದು 1970ರ ದಶಕದಿಂದ ಯೂನಿಸೆಫ್ ಮೊದಲಾದವರ ನೆರವಿನಿಂದ ಬಾಂಗ್ಲಾದೇಶದಲ್ಲಿ ಅಸಂಖ್ಯಾತ ಬಾವಿಗಳನ್ನು ಕೊರೆದರು. ಪಶ್ಚಿಮ ಬಂಗಾಳದಲ್ಲಿ ಆರ್ಸೆನಿಕ್ ರೋಗಿಗಳು 1983ರಲ್ಲಿಯೇ ಗುರುತಿಸಲ್ಪಟ್ಟಿದ್ದರು. 1992ರಲ್ಲಿ ಬ್ರಿಟಿಷ್ ಭೂವಿಜ್ಞಾನ ಸರ್ವೇಕ್ಷಣೆಯವರು ಬಾಂಗ್ಲಾದೇಶದ ಕೆಲವು ಬಾವಿಗಳ ನೀರಿನಲ್ಲಿ ಹಲವು ಧಾತುಗಳನ್ನು ಅಳೆದರು, ಆರ್ಸೆನಿಕನ್ನು ಅಳೆಯಲಿಲ್ಲ. ಅದೇ ಸಂಸ್ಥೆಯು ಅಲ್ಲಿಯ ಇಲಾಖೆಯೊಡನೆ ಸೇರಿ 2001ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, 150 ಮೀಟರಿಗಿಂತ ಕಡಿಮೆ ಆಳದ ಬಾವಿಗಳಲ್ಲಿ ನೂರಕ್ಕೆ 27ರಷ್ಟು ಲೀಟರಿಗೆ 50 ಮೈಕ್ರೋಗ್ರಾಮೆಂಬ ದೇಶೀಯ ಮಿತಿಯನ್ನು ಮೀರಿದ್ದುವು. ರೋಗಿಯೊಬ್ಬನು ಇಂಗ್ಲೆಂಡಿನಲ್ಲಿ ಹೂಡಿದ ವ್ಯಾಜ್ಯವನ್ನು 2006ರಲ್ಲಿ ಹೌಸ್ ಆಫ್ ಲಾರ್ಡ್ಸ್ ತಳ್ಳಿಹಾಕಿತು. ವರದಿ ಬರೆದವರಿಗೂ ನೀರು ಕುಡಿದವನಿಗೂ ನಡುವೆ, ಹೊಣೆಯನ್ನು ಹೊರಿಸುವಷ್ಟು ನಿಕಟವಾದ ಸಂಬಂಧವಿಲ್ಲವೆಂದು ನ್ಯಾಯಮೂರ್ತಿಗಳು ಕಂಡರು.

ಕಾನೂನಿನ ಯುಕ್ತಾಯುಕ್ತತೆ ನಮ್ಮ ವಿಷಯವಲ್ಲ. ಆದರೆ ಈ ವ್ಯಾಜ್ಯವನ್ನು ನಾವು ಕೇಳಿದ ಒಂದು ಉಪನ್ಯಾಸವಾದರೂ ಪ್ರಸ್ತಾಪಿಸಲಿಲ್ಲ. ಕಬ್ಬಿಣದ ಆಕ್ಸೈಡುಗಳು ಆಮ್ಲಜನಕವಿಲ್ಲದ ಕೆಸರಿನಲ್ಲಿ ಕರಗಿ, ಅವುಗಳಿಗೆ ಅಂಟಿದ್ದ ಆರ್ಸೆನಿಕ್ ಬಿಡುಗಡೆಯಾಗುವ ಕ್ರಮವನ್ನು ಎಲ್ಲರೂ ಸ್ಪಷ್ಟವಾಗಿ ವಿವರಿಸಿದರು. ಯಾವ ಯಾವ ಧಾತುಗಳನ್ನು ಅಳೆದೆವು, ಯಾವುದನ್ನು ಅಳೆಯಲಿಲ್ಲ, ಏಕೆ ಅಳೆಯಲಿಲ್ಲ ಎಂಬುದನ್ನು ತಮ್ಮ ಸ್ವಂತ ಕೆಲಸದ ವಿಷಯದಲ್ಲಿ ಹೇಳಿದವರು ವಿರಳ. ವರದಿಯಲ್ಲಿ ಹೆಸರಿಲ್ಲದ ಧಾತುವನ್ನು ಓದುಗನು ನೀರಿನಲ್ಲಿಯೂ ಇಲ್ಲವೆಂದು ತಿಳಿಯುವುದು ಸ್ವಾಭಾವಿಕ. ನಮ್ಮ ರಾಜ್ಯದಲ್ಲಿಯೇ, ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಆರ್ಸೆನಿಕ್ ಬಾಧೆಯನ್ನು ವಿವರಿಸಿದ ಪ್ರಬಂಧ 2013ರಲ್ಲಿ ಹೊರಬಂದಿತು. ಬಂಗಾಳದಂತೆ ಅಲ್ಲಿ ನದಿಯ ಮೆಕ್ಕಲುಮಣ್ಣಿಲ್ಲ. ಇರುವುದು ಹಳೆಯ ಚಿನ್ನದ ಗಣಿಗಳ ಶಿಲೆ. ಬಂಗಾಳದ ಮಾದರಿಯನ್ನೇ ಬಾಯಿಪಾಠ ಮಾಡಿಸಿದ ಉಪನ್ಯಾಸವನ್ನು ಕೇಳಿ ಹೊರಟ ವಿದ್ಯಾರ್ಥಿಯು ಅಂಥ ಊರಿನಲ್ಲಿ ಆರ್ಸೆನಿಕನ್ನು ಹುಡುಕುವ ಯೋಚನೆಯನ್ನೇ ಮಾಡಲಾರ.

ಪರಿಹಾರೋಪಾಯಗಳ ಭಾಗವನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ, ಏಕೆಂದರೆ ಉಪನ್ಯಾಸಕರೂ ಹೆಚ್ಚು ಹೇಳುವುದಿಲ್ಲ. ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿಗಳನ್ನು ಬಳಸುವ ನಲ್ಗೊಂಡ ವಿಧಾನದ ಹೆಸರು ಬರುತ್ತದೆ. ಪ್ರತಿದಿನ ಅದನ್ನು ಅಳೆದು ಬೆರೆಸುವವರು ಯಾರು, ತಳದಲ್ಲಿ ನಿಂತ ಫ್ಲೋರೈಡ್‌ಯುಕ್ತ ಕೆಸರನ್ನು ಎಲ್ಲಿ ಚೆಲ್ಲುವುದು ಎಂಬ ಮಾತು ಬರುವುದಿಲ್ಲ.

ಉಪನ್ಯಾಸಗಳು ಮುದ್ರಿತವಾಗಿ ಉಳಿಯುವುದರಿಂದ ಇನ್ನೊಂದು ತೊಡಕೂ ಉಂಟಾಗಿದೆ. ಪುಸ್ತಕದಲ್ಲಿ ತಪ್ಪಾದರೆ ಒಪ್ಪೋಲೆಯಿರುತ್ತದೆ. ಒಂದು ಉಪನ್ಯಾಸದಲ್ಲಿ ಮೈಕ್ರೋಗ್ರಾಂ ಎನ್ನುವಲ್ಲಿ ಮಿಲಿಗ್ರಾಂ ಎಂದು ಹೇಳಿದುದನ್ನು ಕೇಳುಗರೊಬ್ಬರು ಬರೆದು ತಿಳಿಸಿದರು. ಉಪನ್ಯಾಸಕರು ಸೌಜನ್ಯದಿಂದ ಒಪ್ಪಿಕೊಂಡರು. ಆದರೆ ಆ ಪ್ರಶ್ನೋತ್ತರವನ್ನು ಕತ್ತರಿಸಿ ಉಪನ್ಯಾಸವನ್ನು ಮಾತ್ರ ಇಟ್ಟಿರುವುದರಿಂದ, ಸಾವಿರಪಟ್ಟು ತಪ್ಪಾದ ಆ ಅಂಕಿಯು ಇಂದಿಗೂ ಹಾಗೆಯೇ ಉಳಿದಿದೆ. ನಮ್ಮ ವಿದ್ಯಾರ್ಥಿಯೊಬ್ಬನ ಪ್ರಬಂಧದಲ್ಲಿ ಅದು ಕಾಣಿಸಿಕೊಂಡಾಗಲೇ ನಮಗೆ ಈ ವಿಮರ್ಶೆಯನ್ನು ಬರೆಯಬೇಕೆನ್ನಿಸಿದ್ದು.

ಕತ್ತರಿಸಿದ ಆ ಭಾಗದಲ್ಲಿ ಇನ್ನೊಂದು ಪ್ರಶ್ನೆಯೂ ಇತ್ತು. ಬಯಲುಸೀಮೆಯ ಶಾಲೆಯೊಂದರ ಉಪಾಧ್ಯಾಯರು ಕನ್ನಡದಲ್ಲಿ ಕೇಳಿದ್ದರು: ತಮ್ಮ ಶಾಲೆಯ ಕೊಳವೆಬಾವಿಯ ನೀರಿನಲ್ಲಿ 2.2 ಎಂದು ಬಂದಿದೆ, ಮಧ್ಯಾಹ್ನದ ಅಡುಗೆಗೆ ಅದನ್ನು ಬಳಸಬಹುದೆ, ಕುಡಿಯಲು ಮಾತ್ರ ಬೇರೆ ನೀರು ತರಿಸಿದರೆ ಸಾಕೆ? ನಡೆಸಿಕೊಡುತ್ತಿದ್ದವರು ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಅಡುಗೆಯ ಮಾತನ್ನು ಬಿಟ್ಟರು. ಸ್ಥಳೀಯ ಅಧಿಕಾರಿಗಳನ್ನು ವಿಚಾರಿಸುವುದು ಒಳ್ಳೆಯದೆಂದು ತಜ್ಞರು ಉತ್ತರ ಕೊಟ್ಟರು. ಅನ್ನಕ್ಕೂ ಸಾರಿಗೂ ಎಷ್ಟು ಲೀಟರು ಹೋಗುತ್ತದೆ, ಎಷ್ಟು ಮಕ್ಕಳು ಉಣ್ಣುತ್ತಾರೆ ಎಂದು ಅವರು ಒಂದು ಮಾತು ಕೇಳಿದ್ದರೆ ಲೆಕ್ಕವನ್ನು ಅಲ್ಲಿಯೇ ಹಾಕಬಹುದಾಗಿತ್ತು.